ವಾರ್ ಥಂಡರ್‌ನಲ್ಲಿ ಟೈಗರ್ 1: ಮೂತಿ ಓರೆ ಇರಲಿ

ವಾರ್ ಥಂಡರ್ ಎಂಬ ಆನ್‌ಲೈನ್ ಯುದ್ಧದ ಆಟದಲ್ಲಿ ಟೈಗರ್ (ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕು) ಸಿಕ್ಕ ಖುಷಿಗೆ ನೇರವಾಗಿ ನುಗ್ಗಿ, ತಕ್ಷಣ ಟ್ಯಾಂಕು ಕಳೆದುಕೊಂಡು ಗ್ಯಾರೇಜಿಗೆ ವಾಪಸ್ ಬರುವವರು ತುಂಬಾ ಜನ. ಟ್ಯಾಂಕಿನದೇನೂ ತಪ್ಪಿಲ್ಲ, ನಿಲ್ಲಿಸುವ ರೀತಿ ಸರಿಯಿಲ್ಲ ಅಷ್ಟೇ.

ಇದರ ಮುಂದಿನ ಕವಚ 100 ಮಿ.ಮೀ. ದಪ್ಪ. ಆದರೆ ಹೆಚ್ಚುಕಡಿಮೆ ನೆಟ್ಟಗಿನ ಗೋಡೆ, ಸೋವಿಯತ್ ಟ್ಯಾಂಕು ಟಿ-34ಕ್ಕೆ ಇರುವಂಥ ಇಳಿಜಾರು ಇಲ್ಲ. ಆ ಇಳಿಜಾರನ್ನು ನೀವೇ ಮಾಡಿಕೊಳ್ಳಬೇಕು. ಎದುರಾಳಿಯ ಕಡೆ ಮೂತಿ (ಟ್ಯಾಂಕಿನ ಮುಂಭಾಗ) ನೇರ ಇಡದೆ ಸುಮಾರು 30 ಡಿಗ್ರಿ ಓರೆ ಮಾಡಿ. ಆಗ ಎಷ್ಟೋ ಗುಂಡು ಜಾರಿ ಹೋಗುತ್ತವೆ. ಹಾಗಂತ ಜಾಸ್ತಿ ತಿರುಗಿಸಬೇಡಿ. ಪಕ್ಕದ ಮೇಲ್ಭಾಗ 80 ಮಿ.ಮೀ., ಚಕ್ರಗಳ ಹಿಂದಿನ ಕೆಳಭಾಗ ಬರೀ 60. ಬಲ್ಲವರು ಅಲ್ಲಿಗೇ ಗುರಿ ಇಡುತ್ತಾರೆ. ಅಂದಹಾಗೆ, ಹೀಗೆ ಓರೆ ನಿಲ್ಲಿಸುವುದು ಆಟಗಾರರು ಕಂಡುಹಿಡಿದ ಉಪಾಯ ಅಲ್ಲ. 1943ರಲ್ಲಿ ಜರ್ಮನ್ ಸಿಬ್ಬಂದಿಗೆ ಕೊಟ್ಟ ಕೈಪಿಡಿಯಲ್ಲೇ ಚಿತ್ರ, ಪದ್ಯಗಳ ಸಮೇತ ಹೇಳಿಕೊಟ್ಟಿದ್ದರು!

ತೋಪು ಹೊತ್ತು ತಿರುಗುವ ಗೋಪುರ ನಿಧಾನ. ಶತ್ರು ಪಕ್ಕದಲ್ಲಿ ಕಂಡರೆ ಒಡಲನ್ನೂ (ಗೋಪುರದ ಕೆಳಗಿನ ಭಾಗ) ಜೊತೆಗೇ ತಿರುಗಿಸಿ. ನನ್ನ ಪ್ರಕಾರ ಈ ಟ್ಯಾಂಕು ಊರಿನ ಸಂದಿಗಳಿಗೆ ಆಗಿಬರಲ್ಲ. 88 ಮಿ.ಮೀ. ತೋಪಿನ ನಿಜವಾದ ಮಜಾ ದೂರದ ಬಯಲಿನಲ್ಲಿ.

92 ಗುಂಡು ಹಿಡಿಯುತ್ತದೆ ಅಂತ ಸುಮ್ನೆ ಪೂರ್ತಿ ತುಂಬಬೇಡಿ. ಹೆಚ್ಚಿನವು ಒಡಲಿನ ಎರಡೂ ಪಕ್ಕದಲ್ಲಿ ಇರುತ್ತವೆ, ಒಂದಕ್ಕೆ ತಗುಲಿದರೆ ಮುಗೀತು. ಕಾಲು ಭಾಗ ಒಯ್ದರೆ ಒಂದು ಪಂದ್ಯಕ್ಕೆ ಸಾಕು.

1942ರಲ್ಲಿ ಲೆನಿನ್‌ಗ್ರಾಡ್ ಬಳಿ ಮೊದಲ ಸಲ ಯುದ್ಧಕ್ಕಿಳಿದಾಗಲೇ ಟೈಗರ್‌ಗಳು ಕೆಸರಲ್ಲಿ ಒದ್ದಾಡಿದ್ದವು. ತೂಕ ಸುಮಾರು 57 ಟನ್ ಅಲ್ವಾ! ಆಟದಲ್ಲೂ ಮೆತ್ತನೆ ನೆಲ ತಪ್ಪಿಸಿ.

ಸೋವಿಯತ್ ಭಾರೀ ಟ್ಯಾಂಕು ಐಎಸ್-2 ಎದುರಾದರೆ ಓರೆಯನ್ನೇ ನಂಬಿ ಕೂರಬೇಡಿ. ಅದರ 122 ಮಿ.ಮೀ. ಗುಂಡು ದೊಡ್ಡದು, ಆದರೆ ಮತ್ತೆ ತುಂಬಲು ಬಹಳ ಹೊತ್ತು ಬೇಕು. ಮರೆಯಲ್ಲಿದ್ದು, ಅದು ಒಮ್ಮೆ ಹಾರಿಸಿದ ಮೇಲೆ ಹೊರಗೆ ಬನ್ನಿ.