ರಾಕ್ಷಸನಿಗೆ ಮೊದಲು ವರ ಬರೆಯಿರಿ

ಡೊಂಬಿವಲಿಯ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ನಾಲ್ಕೈದು ಜನ ಕೂತು ಆಡುವ ಆಟ ಇದು. ಬೋರ್ಡ್ ಇಲ್ಲ, ಕಾಯಿಗಳಿಲ್ಲ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ತಮ್ಮ ತಮ್ಮ ಪಾತ್ರವಾಗಿ ಮಾತಾಡುತ್ತಾರೆ, ಏನಾಗುತ್ತೋ ಅನ್ನುವ ಕಡೆ ದಾಳ ಹಾಕುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಜಾತಿಯದೇ. ಕಥೆ ನಡೆಸುವವರನ್ನು ನಾವು ಭಾಗವತರು ಅನ್ನುತ್ತೇವೆ. ನಾನು ಕಟ್ಟಿದ ಈ ಆಟದ ಕಥೆಯಲ್ಲಿ ಮುಂಬೈ ತುಂಬ ರಾಕ್ಷಸರು ಸೇರಿಕೊಂಡಿದ್ದಾರೆ, ಹುಡುಕಿ ಮುಗಿಸಬೇಕು.

ಮೊದಲ ಕರಡಿನಲ್ಲಿ ಪ್ರತಿ ರಾಕ್ಷಸನಿಗೂ ಇಷ್ಟು ಪ್ರಾಣ, ಇಷ್ಟು ಬಲ ಅಂತ ಅಂಕಿ ಕೊಟ್ಟಿದ್ದೆ. ಅದನ್ನು ಓದಿದ ನಮ್ಮ ಮಾವ ಕೇಳಿದ್ದು ಒಂದೇ ಮಾತು: "ಇವನಿಗೆ ವರ ಕೊಟ್ಟದ್ದು ಯಾರು ಮಾರಾಯ? ಏನಂತ ಕೊಟ್ಟದ್ದು?" ಮಾವ ಉಡುಪಿ ಕಡೆಯವರು. ಮಾಟುಂಗಾದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು ನಿವೃತ್ತರಾದವರು, ಯಕ್ಷಗಾನದ ಹುಚ್ಚು ಜಾಸ್ತಿ. ಆ ಪ್ರಶ್ನೆಯಿಂದ ನನ್ನ ಆಟ ಹುಟ್ಟಿತು.

ಈಗ ಪ್ರತಿ ರಾಕ್ಷಸನಿಗೂ ಮೂರು ಚೀಟಿ. ಒಂದೊಂದರಲ್ಲಿ ವರದ ಒಂದೊಂದು ಮಾತು. ಚೀಟಿಗಳು ಮೇಜಿನ ಮೇಲೆ ಕವುಚಿಕೊಂಡಿರುತ್ತವೆ. ಆಡುವವರು ಊರಲ್ಲಿ ಸುತ್ತಾಡಿ ಸುಳಿವು ಹಿಡಿದಾಗ ಒಂದನ್ನು ತಿರುಗಿಸುತ್ತೇನೆ. ಕನಿಷ್ಠ ಒಂದು ಚೀಟಿಯಾದರೂ ದಾಳ ಹಾಕದೆ ಸಿಗಲೇಬೇಕು. ದಾಳ ಕೈಕೊಟ್ಟರೆ ಕಥೆ ನಿಂತುಹೋಗಬಾರದು ಅಲ್ವಾ?

ಹಿರಣ್ಯಕಶಿಪುವಿನ ವಂಶದವನೊಬ್ಬ ಇದ್ದಾನೆ: ಹಗಲೂ ಸಾಯಲ್ಲ, ರಾತ್ರಿಯೂ ಸಾಯಲ್ಲ, ಒಳಗೂ ಸಾಯಲ್ಲ, ಹೊರಗೂ ಸಾಯಲ್ಲ. ಎರಡನೇ ಚೀಟಿ ತಿರುಗಿದ ಕೂಡಲೇ ಪಕ್ಕದ ಮನೆಯ ಹುಬ್ಬಳ್ಳಿ ಹುಡುಗ ಎದ್ದು ನಿಂತ. "ಸಂಜೀ ಹೊತ್ತಿನ ವಿರಾರ್ ಲೋಕಲ್! ಬಾಗಲದಾಗ ಜೋತಾಡಿದ್ರ ಒಳಗೂ ಅಲ್ಲ, ಹೊರಗೂ ಅಲ್ಲರೀ!" ನಾನು ಹೊಸ್ತಿಲು ಅಂತ ಬರೆದಿಟ್ಟಿದ್ದೆ. ಅವನ ಉತ್ತರ ಅದಕ್ಕಿಂತ ಚೆನ್ನಾಗಿತ್ತು. ಅವತ್ತೇ ಒಂದು ನಿಯಮ ಸೇರಿಸಿದೆ: ಉಪಾಯ ವರದ ಮಾತಿಗೆ ಸರಿಯಾಗಿ ಕೂತರೆ ಭಾಗವತರು ದಾಳ ಕೇಳಬಾರದು. ಪುರಾಣದಲ್ಲಿ ಒದ್ದೆಯದರಿಂದಲೂ ಒಣಗಿದ್ದರಿಂದಲೂ ಸಾಯದ ನಮುಚಿ ಅನ್ನುವ ಅಸುರನನ್ನು ಇಂದ್ರ ನೀರಿನ ನೊರೆಯಿಂದ ಕೊಂದ, ಅದು ಒದ್ದೆಯೂ ಅಲ್ಲ, ಒಣಗಿದ್ದೂ ಅಲ್ಲ ಅಂತ. ಮಳೆಗಾಲದ ಜುಹು ಬೀಚಿನಲ್ಲಿ ಆ ಅಸ್ತ್ರಕ್ಕೇನು ಬರ?

ರಕ್ತಬೀಜ ನನಗೆ ತುಂಬ ಇಷ್ಟ. ನೆಲಕ್ಕೆ ಬಿದ್ದ ಹನಿ ಹನಿಗೂ ಅವನಂಥವನೇ ಇನ್ನೊಬ್ಬ ಏಳುತ್ತಾನೆ. ಏಟು ಬಿದ್ದಾಗಲೆಲ್ಲ ಮೇಜಿನ ಮೇಲೆ ಒಂದು ಹುಣಸೆ ಬೀಜ ಇಡುತ್ತೇನೆ. ಬೀಜದ ರಾಶಿ ಕಣ್ಣೆದುರೇ ಬೆಳೆಯುವಾಗ ಆಡುವವರ ಕೈ ತಾನಾಗಿ ತಡೆಯುತ್ತದೆ. ಒಮ್ಮೆ ನನ್ನ ಅತ್ತಿಗೆ ಬೀದಿಗೆಲ್ಲ ನೀಲಿ ತಾಡಪಾಲು ಹಾಸಿಬಿಟ್ಟರು. ಹನಿ ನೆಲ ಮುಟ್ಟಲೇ ಇಲ್ಲ.

ದಾಳ ಎರಡೇ, ಲೂಡೊ ಡಬ್ಬಿಯವು. ಎರಡನ್ನೂ ಕೂಡಿಸಿ 6 ಅಥವಾ ಕಡಿಮೆ ಬಂದರೆ ರಾಕ್ಷಸನ ಕೈ ಮೇಲು. 7ರಿಂದ 9 ಬಂದರೆ ಕೆಲಸ ಆಯ್ತು, ಆದರೆ ಏನಾದರೂ ಕಳೆದುಕೊಳ್ಳಬೇಕು. 10 ದಾಟಿದರೂ ಸರಿ, ಸರಿಯಾಗಿ 10 ಬಂದರೂ ಸರಿ, ಪೂರ್ತಿ ಗೆಲುವು. ಈ ಮೂರು ಹಂತ 2010ರ ಅಪೋಕಲಿಪ್ಸ್ ವರ್ಲ್ಡ್ ಆಟದಿಂದ ತಗೊಂಡದ್ದು. ಒಟ್ಟು 36 ಬಗೆಯಲ್ಲಿ ಸೋಲು 15, ನಡುವಿನದು 15, ಪೂರ್ತಿ ಗೆಲುವು 6. ಆಡುವವರ ಪರವಾಗಿ ದಾಳದ ಮೊತ್ತಕ್ಕೆ ಒಂದು ಅಂಕ ಕೂಡಿಸಿದರೆ ಸೋಲು 10ಕ್ಕೆ ಇಳಿಯುತ್ತದೆ, ಮೂರು ಕೂಡಿಸಿದರೆ ಬರೀ 3. ಅಷ್ಟಾದರೆ ಭಯವೇ ಉಳಿಯಲ್ಲ. ಅದಕ್ಕೇ ಕೂಡಿಸುವ ಅಂಕವನ್ನು ಎರಡಕ್ಕೆ ನಿಲ್ಲಿಸಿದೆ. ರಾಕ್ಷಸನಿಗೆ ಬೇರೆ ಸರದಿಯೂ ಇಲ್ಲ, ಆಡುವವರು ಸೋತಾಗಲೇ ಅವನ ಏಟು. ಇಲ್ಲದಿದ್ದರೆ ಐದು ಜನರ ಐದು ಏಟಿನ ನಡುವೆ ಅವನದು ಒಂದೇ ಆಗಿ, ಪಾಪ, ಸುಮ್ನೆ ನಿಂತಿರುತ್ತಾನೆ.

ನಾನೇ ಭಾಗವತನಾಗಿ ಕೂತರೆ ಅದು ಪರೀಕ್ಷೆ ಅಲ್ಲವೇ ಅಲ್ಲ. ಬಿಟ್ಟುಹೋದ ನಿಯಮವನ್ನು ನನ್ನ ಬಾಯೇ ತುಂಬಿಬಿಡುತ್ತದೆ. ಅದಕ್ಕೆ ಪುಣೆಯಲ್ಲಿ ಓದುತ್ತಿರುವ ಅಕ್ಕನ ಮಗಳ ಗೆಳತಿಯರಿಗೆ ಹಾಳೆ ಕೊಟ್ಟು, ಮೂಲೆಯಲ್ಲಿ ಬಾಯಿ ಮುಚ್ಚಿ ಕೂತೆ. ಯಾವ ಸಾಲಿನ ಮೇಲೆ ಬೆರಳು ನಿಂತಿತು, ಯಾರು ಯಾವಾಗ ಮೊಬೈಲ್ ಎತ್ತಿಕೊಂಡರು, ಅಷ್ಟನ್ನೇ ಬರೆದುಕೊಂಡೆ. ಗಾಯದ ಪಟ್ಟಿ ಓದುವಾಗ ಮೂವರೂ ಮೊಬೈಲ್ ಎತ್ತಿದರು. ಆ ಪಟ್ಟಿ ತೆಗೆದುಹಾಕಿದೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಪಂಜುರ್ಲಿ, ಗುಳಿಗರನ್ನು ರಾಕ್ಷಸರ ಸಾಲಿಗೆ ಸೇರಿಸಿ ಅಂತ ಕೆಲವರು ಕೇಳುತ್ತಾರೆ. ಸೇರಿಸಲ್ಲ. ಅವರು ನಾವು ಕೈಮುಗಿಯುವ ದೈವಗಳು.

ಸದ್ಯ ಭಸ್ಮಾಸುರನ ಚೀಟಿ ಬರೆಯುತ್ತಿದ್ದೇನೆ. ಅವನನ್ನು ಕುಣಿಸಿ, ಅವನ ಕೈ ಅವನ ತಲೆ ಮೇಲೇ ಇಡಿಸಬೇಕು. ಇದಕ್ಕೆ ದಾಳ ಬೇಕೋ, ಆಡುವವರು ನಿಜವಾಗಿ ಎದ್ದು ಕುಣಿಯಬೇಕೋ ಅನ್ನುವುದನ್ನು ಪುಣೆಯ ಹುಡುಗಿಯರ ಹತ್ತಿರವೇ ಆಡಿಸಿ ನೋಡಬೇಕು.