ಕಂಪ್ಯೂಟರಿಗೊಂದು ಬೀಗ, ಫೈಲಿಗೊಂದು ಬೀಗ: ಪಾಸ್‌ವರ್ಡ್ ಹಾಕುವುದು, ಬದಲಿಸುವುದು ಹೇಗೆ?

ನಮ್ಮ ಮದುವೆಗೆ ಬಂದ ಮುಯ್ಯಿ ಲೆಕ್ಕವನ್ನೆಲ್ಲ ನಾನು ಎಕ್ಸೆಲ್‌ಗೆ ಹಾಕಿಟ್ಟಿದ್ದೆ. ಯಾರು ಎಷ್ಟು ಕೊಟ್ಟರು, ಯಾವ ಊರು, ಯಾರ ಕಡೆಯವರು, ಎಲ್ಲ. ರಜೆಗೆ ಬಂದ ನೆಂಟರ ಮಕ್ಕಳು ಗೇಮ್ ಆಡುವ ನೆಪದಲ್ಲಿ ಅದನ್ನು ತೆಗೆದು, 'ಚಿಕ್ಕಪ್ಪ ಕೊಟ್ಟಿದ್ದು ಬರೀ 101 ರೂಪಾಯಿನಾ?' ಅಂತ ಎಲ್ಲರೆದುರು ಕೇಳಿದರೆ ಏನು ಗತಿ ಅಂತ ಹೆದರಿ ಫೈಲಿಗೆ ಪಾಸ್‌ವರ್ಡ್ ಹಾಕಿದೆ. ಆಮೇಲೆ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಒಂದು ಮದುವೆಗೆ ಹೊರಟಾಗ ಎಷ್ಟು ಬರೆಸಬೇಕು ನೋಡೋಣ ಅಂದರೆ ಪಾಸ್‌ವರ್ಡ್ ನೆನಪಿಲ್ಲ. ಹೆಂಡತಿ ಹೆಸರು, ಮದುವೆ ತಾರೀಕು, ಬೈಕ್ ನಂಬರು, ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಕೈ ಹಿಡಿದದ್ದು ನಮ್ಮ ಮಾವ ಛತ್ರದಲ್ಲಿ ಕೂತು ಬರೆದಿದ್ದ ಕೆಂಪು ರಟ್ಟಿನ ಪುಸ್ತಕ.

ಆಗ ಗೊತ್ತಾಗಿದ್ದು ಇಷ್ಟು. ಕಂಪ್ಯೂಟರಿಗೆ ಹಾಕುವ ಬೀಗ ಬೇರೆ, ಫೈಲಿಗೆ ಹಾಕುವ ಬೀಗ ಬೇರೆ. ಮೊದಲನೆಯದರ ಕೀ ಕಳೆದರೆ ಏನಾದರೂ ದಾರಿ ಸಿಗುತ್ತದೆ. ಎರಡನೆಯದರಲ್ಲಿ 'ಪಾಸ್‌ವರ್ಡ್ ಮರೆತಿರಾ?' ಅಂತ ಕೇಳುವವರೇ ಇಲ್ಲ.

ಮೊದಲು ಕಂಪ್ಯೂಟರ್

ವಿಂಡೋಸ್ 11 ಇದೆ ಅಂದುಕೊಳ್ಳೋಣ, 10ರಲ್ಲೂ ಹೆಚ್ಚು ಕಡಿಮೆ ಇದೇ. ಸ್ಟಾರ್ಟ್ ಒತ್ತಿ 'ಸೆಟ್ಟಿಂಗ್ಸ್'ಗೆ ಹೋಗಿ, ಅಲ್ಲಿ 'ಅಕೌಂಟ್ಸ್', ಅದರೊಳಗೆ 'ಸೈನ್-ಇನ್ ಆಪ್ಶನ್ಸ್'. 'ಪಾಸ್‌ವರ್ಡ್' ಅಂತ ಇರುವುದನ್ನು ಒತ್ತಿದರೆ, ಮೊದಲೇ ಹಾಕಿದ್ದರೆ 'ಚೇಂಜ್' ಅಂತಲೂ, ಇಲ್ಲದಿದ್ದರೆ 'ಆ್ಯಡ್' ಅಂತಲೂ ಕಾಣುತ್ತದೆ. ಬದಲಿಸುವಾಗ ಹಳೆಯದನ್ನು ಒಮ್ಮೆ, ಹೊಸದನ್ನು ಎರಡು ಸಲ ಹೊಡೆಯಬೇಕು. ಮರೆತರೆ ನೆನಪಿಸಲಿ ಅಂತ 'ಹಿಂಟ್' ಕೇಳಿದರೆ ಅಲ್ಲಿ ಪಾಸ್‌ವರ್ಡನ್ನೇ ಬರೆಯಬೇಡಿ. ಬರೆದವರನ್ನು ನೋಡಿದ್ದೇನೆ.

ಅದೇ ಪುಟದಲ್ಲಿ ಪಿನ್ ಕೂಡ ಇದೆ. ನಾಲ್ಕಂಕಿ ಪಿನ್ ಎಷ್ಟು ಗಟ್ಟಿ ಅಂತ ಅನುಮಾನ ಬರುವುದು ಸಹಜ. ಆದರೆ ಈ ಪಿನ್ ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ, ಬೇರೆ ಕಡೆ ಕೂತು ಅದನ್ನು ಹೊಡೆದರೆ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ತೆರೆಯುವುದಿಲ್ಲ. ಹಾಗಂತ ಹುಟ್ಟಿದ ಇಸವಿ ಇಡಬೇಡಿ.

ಇಷ್ಟೆಲ್ಲ ಮಾಡಿ ಕಂಪ್ಯೂಟರ್ ತೆರೆದಿಟ್ಟು ಟೀ ಕುಡಿಯಲು ಹೋದರೆ ಏನು ಬಂತು? ಎದ್ದು ಹೋಗುವಾಗ ವಿಂಡೋಸ್ ಕೀ ಹಿಡಿದು ಎಲ್ ಒತ್ತಿ. ಅರ್ಧ ಸೆಕೆಂಡಿನ ಕೆಲಸ, ಪರದೆ ಲಾಕ್ ಆಗುತ್ತದೆ.

ಲಾಗಿನ್ ಪಾಸ್‌ವರ್ಡ್ ಬಾಗಿಲಿಗೆ ಹಾಕಿದ ಬೀಗ ಅಷ್ಟೇ. ಲ್ಯಾಪ್‌ಟಾಪ್ ಕಳುವಾಗಿ, ಕದ್ದವನು ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದರೆ, ಪಾಸ್‌ವರ್ಡ್ ಇಲ್ಲದೆಯೇ ಫೈಲುಗಳನ್ನು ಓದಬಹುದು. ಅದನ್ನು ತಡೆಯಲು ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಬೇಕು, ಅಂದರೆ ಕೀ ಇಲ್ಲದವರಿಗೆ ಓದಲು ಬಾರದ ಗುಪ್ತ ಲಿಪಿಗೆ ಬದಲಿಸಬೇಕು. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಇದಕ್ಕೆ ಬಿಟ್‌ಲಾಕರ್ ಇದೆ. ಹೋಮ್ ಆವೃತ್ತಿ ಇದ್ದವರು 'ಪ್ರೈವಸಿ ಆ್ಯಂಡ್ ಸೆಕ್ಯುರಿಟಿ' ಒಳಗೆ 'ಡಿವೈಸ್ ಎನ್‌ಕ್ರಿಪ್ಶನ್' ಇದೆಯಾ ನೋಡಿ, ಎಲ್ಲ ಮಾದರಿಗಳಲ್ಲಿ ಇರುವುದಿಲ್ಲ. ಡಿಸ್ಕ್ ತೆರೆಯದೆ ಹಟ ಹಿಡಿದರೆ ಬಳಸಲು ಇದಕ್ಕೆ 48 ಅಂಕಿಗಳ ರಿಕವರಿ ಕೀ ಒಂದಿರುತ್ತದೆ. ಅದನ್ನು ಪ್ರಿಂಟ್ ತೆಗೆದು ಮನೆ ಪತ್ರಗಳ ಜೊತೆ ಬೀರುವಿನಲ್ಲಿಡಿ. ಅದೇ ಲ್ಯಾಪ್‌ಟಾಪಿನಲ್ಲಿ ಸೇವ್ ಮಾಡಿಟ್ಟರೆ, ಮನೆಗೆ ಬೀಗ ಹಾಕಿ ಕೀ ಒಳಗೇ ಬಿಟ್ಟಂತೆ.

ಈಗ ಫೈಲು

ಎಕ್ಸೆಲ್ ತೆರೆದು 'ಫೈಲ್', 'ಇನ್ಫೋ', 'ಪ್ರೊಟೆಕ್ಟ್ ವರ್ಕ್‌ಬುಕ್', ಅಲ್ಲಿಂದ 'ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್'. ವರ್ಡ್‌ನಲ್ಲಿ ವರ್ಕ್‌ಬುಕ್ ಬದಲು 'ಪ್ರೊಟೆಕ್ಟ್ ಡಾಕ್ಯುಮೆಂಟ್' ಅಂತ ಇರುತ್ತದೆ. ಎರಡು ಸಲ ಪಾಸ್‌ವರ್ಡ್ ಹೊಡೆದು ಓಕೆ ಒತ್ತಿ, ಆಮೇಲೆ ಮರೆಯದೆ ಸೇವ್ ಮಾಡಿ. ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಬೇರೆ ಬೇರೆ ಅಂತ ಅದಕ್ಕೆ ಲೆಕ್ಕ. ಸೇವ್ ಆದ ತಕ್ಷಣ ಫೈಲ್ ಮುಚ್ಚಿ ಇನ್ನೊಮ್ಮೆ ತೆರೆದು ನೋಡಿ, ಏನಾದರೂ ತಪ್ಪಾಗಿದ್ದರೆ ಬೆರಳಿಗೆ ಇನ್ನೂ ನೆನಪಿರುತ್ತದೆ.

ಬದಲಿಸುವುದೂ ಅಲ್ಲೇ. ಹಳೆಯ ಪಾಸ್‌ವರ್ಡಿನಿಂದ ಫೈಲ್ ತೆರೆದು ಅದೇ ಜಾಗಕ್ಕೆ ಹೋದರೆ ಚುಕ್ಕಿಗಳು ಕಾಣುತ್ತವೆ. ಅವನ್ನು ಅಳಿಸಿ ಹೊಸದನ್ನು ಹೊಡೆದರೆ ಬದಲಾಯಿತು, ಖಾಲಿ ಬಿಟ್ಟು ಓಕೆ ಒತ್ತಿದರೆ ಬೀಗವೇ ಹೋಯಿತು. ಆದರೆ ನೀವು ಹೋದ ತಿಂಗಳು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದ ಕಾಪಿ ಇದೆಯಲ್ಲ, ಅದು ಇವತ್ತಿಗೂ ಹಳೆಯ ಪಾಸ್‌ವರ್ಡಿಗೇ ತೆರೆಯುತ್ತದೆ. ಇದು ಜಾಸ್ತಿ ಜನಕ್ಕೆ ಹೊಳೆಯುವುದೇ ಇಲ್ಲ.

'ಪ್ರೊಟೆಕ್ಟ್ ಶೀಟ್' ಅಂತ ಇನ್ನೊಂದಿದೆ. ಅದು ಯಾರೂ ತಿದ್ದದ ಹಾಗೆ ತಡೆಯುತ್ತದೆಯೇ ಹೊರತು ಓದದ ಹಾಗೆ ಅಲ್ಲ, ಅದನ್ನು ನಂಬಿ ಸಂಬಳದ ಪಟ್ಟಿ ಕಳಿಸಬೇಡಿ. 97-2003 ಕಾಲದ ಹಳೆಯ ಎಕ್ಸೆಲ್ ಫೈಲುಗಳ ಬೀಗವೂ ಸಡಿಲ, ಹೊಸ ಫಾರ್ಮ್ಯಾಟಿನಲ್ಲಿ ಸೇವ್ ಮಾಡಿಯೇ ಪಾಸ್‌ವರ್ಡ್ ಹಾಕಿ.

ಇಡೀ ಫೋಲ್ಡರಿಗೆ ಬೀಗ ಬೇಕಾ? ವಿಂಡೋಸ್‌ನಲ್ಲಿ ಫೋಲ್ಡರಿಗೆ ಪಾಸ್‌ವರ್ಡ್ ಹಾಕುವ ಸೌಲಭ್ಯ ಇಲ್ಲ. ಫೋಲ್ಡರನ್ನು ಒಂದೇ ಫೈಲಾಗಿ ಕಟ್ಟಿಕೊಡುವ 7-ಜಿಪ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು, ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಆ್ಯಡ್ ಟು ಆರ್ಕೈವ್' ಆರಿಸಿ, 7ಝಡ್ ಫಾರ್ಮ್ಯಾಟ್ ಇಟ್ಟು ಪಾಸ್‌ವರ್ಡ್ ಕೊಡಿ. ಕೆಳಗೆ 'ಎನ್‌ಕ್ರಿಪ್ಟ್ ಫೈಲ್ ನೇಮ್ಸ್'ಗೂ ಟಿಕ್ ಹಾಕಿ, ಇಲ್ಲದಿದ್ದರೆ ಒಳಗಿರುವ ಫೈಲುಗಳ ಹೆಸರು ಎಲ್ಲರಿಗೂ ಕಾಣುತ್ತದೆ. ಮೂಲ ಫೋಲ್ಡರ್ ಹಾಗೇ ಉಳಿದಿರುತ್ತದೆ. ಹೊಸದು ಸರಿಯಾಗಿ ತೆರೆಯುತ್ತದೆ ಅಂತ ಖಾತ್ರಿ ಮಾಡಿಕೊಂಡು ಹಳೆಯದನ್ನು ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ.

ಎಂಥ ಪಾಸ್‌ವರ್ಡ್?

ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಕನ್ನಡ ಪದ ತಗೊಳ್ಳಿ. ಹಲಸು, ಛತ್ರಿ, ಮಂಗಳವಾರ, ಕೊಡಪಾನ. ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಹೊಡೆದರೆ 30 ಅಕ್ಷರ ದಾಟುತ್ತದೆ. ಮಂಗಳವಾರದ ಮಳೆಯಲ್ಲಿ ಛತ್ರಿ ಹಿಡಿದು ಕೊಡಪಾನದಲ್ಲಿ ಹಲಸು ತುಂಬಿಕೊಂಡು ಬರುವವರನ್ನು ಒಮ್ಮೆ ಕಣ್ಣ ಮುಂದೆ ತಂದುಕೊಂಡರೆ ಮರೆಯುವುದೂ ಕಷ್ಟ. ಗಾದೆ, ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ ಬೇಡ, ಅವು ಊರಿಗೆಲ್ಲ ಗೊತ್ತು. ಈಗ ಇಲ್ಲಿ ಬರೆದದ್ದನ್ನೂ ಇಟ್ಟುಕೊಳ್ಳಬೇಡಿ, ಅಲ್ವಾ?

ಕನ್ನಡದವರಿಗೆ ಇದರಲ್ಲಿ ಎರಡು ತೊಡಕಿವೆ. ಛತ್ರಿಗೆ ಎಚ್ ಒಂದಾ ಎರಡಾ, ಮಂಗಳವಾರದ 'ವಾ'ಗೆ ಎ ಒಂದಾ ಎರಡಾ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಅದಕ್ಕೇ ಅಂಟಿಕೊಳ್ಳಿ. ಇನ್ನೊಂದು, ಕೀಬೋರ್ಡ್ ಕನ್ನಡದಲ್ಲಿದ್ದಾಗ ಚುಕ್ಕಿಗಳ ಹಿಂದೆ ಏನು ಟೈಪ್ ಆಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಪಾಸ್‌ವರ್ಡ್ ಸರಿ ಇದ್ದೂ ತಗೊಳ್ಳದಿದ್ದರೆ ಮೊದಲು ಕ್ಯಾಪ್ಸ್ ಲಾಕ್ ನೋಡಿ, ಆಮೇಲೆ ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿ ಭಾಷೆ ಬದಲಿಸಿ ನೋಡಿ.

ಪಾಸ್‌ವರ್ಡ್ ಬರೆದಿಡಬಾರದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮಾನಿಟರಿಗೆ ಅಂಟಿಸಬಾರದು, ಬೀರುವಿನಲ್ಲಿರುವ ಪುಸ್ತಕದಲ್ಲಿ ಬರೆದರೆ ತಪ್ಪೇನಿಲ್ಲ. ಕಂಪ್ಯೂಟರಿನಲ್ಲೇ 'ಪಾಸ್‌ವರ್ಡ್ಸ್' ಅಂತ ಹೆಸರಿಟ್ಟ ಫೈಲ್ ಮಾತ್ರ ಬೇಡ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಆರಂಭದಲ್ಲಿ, ಹಲವರು ಹಂಚಿಕೊಂಡು ಬಳಸುತ್ತಿದ್ದ ಕಂಪ್ಯೂಟರಿಗೆ ಪಾಸ್‌ವರ್ಡ್ ತಂದರು. 1962ರಲ್ಲೇ ಆ್ಯಲನ್ ಶೆರ್ ಎಂಬ ವಿದ್ಯಾರ್ಥಿ, ತನಗೆ ಕೊಟ್ಟ ಸಮಯ ಸಾಲದೆ, ಎಲ್ಲರ ಪಾಸ್‌ವರ್ಡ್ ಇದ್ದ ಫೈಲನ್ನೇ ಪ್ರಿಂಟ್ ತೆಗೆಸಿಕೊಂಡ. ಎಲ್ಲ ಒಂದೇ ಪಟ್ಟಿಯಲ್ಲಿತ್ತು, ಅವನ ಕೆಲಸ ಹಗುರಾಯಿತು.

ಯಾವಾಗ ಬದಲಿಸಬೇಕು?

ಮೂರು ತಿಂಗಳಿಗೊಮ್ಮೆ ಬದಲಿಸಿ ಅಂತ ಎಷ್ಟೋ ಆಫೀಸುಗಳಲ್ಲಿ ಇವತ್ತಿಗೂ ಪೀಡಿಸುತ್ತಾರೆ. ಜನ ಏನು ಮಾಡುತ್ತಾರೆ? ಗಣೇಶ1 ಇದ್ದದ್ದು ಗಣೇಶ2 ಆಗುತ್ತದೆ. ಅಮೆರಿಕದಲ್ಲಿ ಇಂಥ ನಿಯಮಗಳನ್ನು ಬರೆಯುವ ನಿಸ್ಟ್ ಸಂಸ್ಥೆಯೇ 2017ರಲ್ಲಿ, ಸುಮ್ನೆ ಕಾಲಕಾಲಕ್ಕೆ ಬದಲಾಯಿಸಲು ಒತ್ತಾಯಿಸಬೇಡಿ, ಸೋರಿಕೆಯಾದ ಸುಳಿವು ಸಿಕ್ಕರೆ ಬದಲಿಸಿ ಅಂದಿತು. ಯಾರೋ ನೋಡಿಬಿಟ್ಟರು, ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು ಕೆಲಸ ಬಿಟ್ಟರು, ಸೈಬರ್ ಸೆಂಟರಿನಲ್ಲಿ ಲಾಗೌಟ್ ಮಾಡದೆ ಬಂದಿರಿ, ಇಂಥದ್ದಾದರೆ ಅವತ್ತೇ ಬದಲಿಸಿ. ಇಮೇಲ್, ಬ್ಯಾಂಕು, ಲ್ಯಾಪ್‌ಟಾಪ್ ಮೂರಕ್ಕೂ ಒಂದೇ ಇಟ್ಟಿದ್ದರೂ ಅವತ್ತೇ.

ಬೀಗ ಹಾಕಿದ ಫೈಲನ್ನು ಮೇಲ್ ಮಾಡಿದರೆ ಪಾಸ್‌ವರ್ಡನ್ನು ಫೋನ್ ಮಾಡಿ ಹೇಳಿ, ಅದೇ ಮೇಲ್‌ನಲ್ಲಿ ಬರೆಯಬೇಡಿ. ಇ-ಆಧಾರ್ ಪಿಡಿಎಫ್ ಬಗ್ಗೆಯೂ ಹುಷಾರು. ಅದರ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ ಮತ್ತು ಹುಟ್ಟಿದ ಇಸವಿ. ನಿಮ್ಮನ್ನು ಬಲ್ಲವರಿಗೆ ಅದು ಬೀಗವೇ ಅಲ್ಲ.

ಮುಯ್ಯಿ ಪಟ್ಟಿಯನ್ನು ಮಾವನ ಪುಸ್ತಕ ನೋಡಿಕೊಂಡು ಮತ್ತೆ ಟೈಪ್ ಮಾಡಿದೆ, ಎರಡು ಭಾನುವಾರ ಹಿಡಿಯಿತು. ಈ ಸಲ ಫೈಲಿಗೆ ಪಾಸ್‌ವರ್ಡ್ ಹಾಕಿಲ್ಲ. 'ಅಕೌಂಟ್ಸ್' ಒಳಗೆ 'ಅದರ್ ಯೂಸರ್ಸ್'ಗೆ ಹೋಗಿ ಮಕ್ಕಳಿಗೆ ಅಂತಲೇ ಒಂದು ಬೇರೆ ಅಕೌಂಟ್ ಮಾಡಿ, ಅದನ್ನು ಅಡ್ಮಿನಿಸ್ಟ್ರೇಟರ್ ಮಾಡದೆ 'ಸ್ಟ್ಯಾಂಡರ್ಡ್' ಅಂತ ಬಿಟ್ಟೆ. ಅವರು ಅದರಲ್ಲಿ ಗೇಮ್ ಆಡಿಕೊಳ್ಳುತ್ತಾರೆ, ನನ್ನ ಡಾಕ್ಯುಮೆಂಟ್ಸ್ ಫೋಲ್ಡರ್ ಅಲ್ಲಿಂದ ತೆರೆಯುವುದಿಲ್ಲ. ಚಿಕ್ಕಪ್ಪನ 101 ರೂಪಾಯಿ ಇನ್ನೂ ಗುಟ್ಟಾಗಿದೆ.