ಲಾಡಿ ಹೊಲಿದ ಪಂಚೆ: ಯಾತ್ರೆ ಗಾಡಿಯಲ್ಲಿ ನನ್ನ ಅನುಭವ

ತುಮಕೂರಿನಿಂದ ಟೆಂಪೋ ಟ್ರಾವೆಲರ್‌ನಲ್ಲಿ ಜನರನ್ನು ದೇವಸ್ಥಾನಗಳಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಇದೇ ಕೆಲಸದಲ್ಲಿ ಇರುವವರಿಗೆ ನಿಯಮಗಳನ್ನು ನಾನು ಹೇಳಬೇಕಾಗಿಲ್ಲ. ಧರ್ಮಸ್ಥಳ, ಕುಕ್ಕೆಯಲ್ಲಿ ಗಂಡಸರು ಶರ್ಟು, ಬನಿಯನ್ ಎರಡೂ ತೆಗೆಯಬೇಕು. ಗುರುವಾಯೂರಿನಲ್ಲಿ ಪ್ಯಾಂಟು ನಡೆಯುವುದೇ ಇಲ್ಲ. ತಿರುಮಲದ 300 ರೂಪಾಯಿ ಟಿಕೆಟ್ ಸಾಲಿಗೂ ಪಂಚೆ ಇಲ್ಲವೇ ಕುರ್ತಾ-ಪೈಜಾಮ ಬೇಕು. ಇಷ್ಟೆಲ್ಲ ಮೊದಲೇ ಫೋನಿನಲ್ಲಿ ಹೇಳಿದರೂ ಪ್ರತಿ ಸಲ ಮೂರು ನಾಲ್ಕು ಜನ ಜೀನ್ಸಲ್ಲೇ ಗಾಡಿ ಹತ್ತುತ್ತಾರೆ. ಆಮೇಲೆ ದೇವಸ್ಥಾನದ ಹೊರಗೆ ಅವಸರದಲ್ಲಿ ಮುನ್ನೂರು ಕೊಟ್ಟು ಒಂದು ಪಾಲಿಯೆಸ್ಟರ್ ಮಿಕ್ಸ್ ಪಂಚೆ ತಗೊಂಡು, ಸಾಲಿನುದ್ದಕ್ಕೂ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ನಿಲ್ಲುತ್ತಾರೆ. ದೇವರ ಎದುರು ಬಂದಾಗ ಕೈ ಮುಗಿಯೋಕೂ ಆಗಲ್ಲ. ನನಗೆ ತುಂಬ ಬೇಜಾರಾಗುತ್ತಿದ್ದದ್ದು ಇದಕ್ಕೇ.

ಮೊದಲು ಗಾಡಿಯಲ್ಲೇ ಒಂದು ಗಂಟು ಪಂಚೆ ಇಟ್ಟು, ಮೂವತ್ತು ರೂಪಾಯಿ ಬಾಡಿಗೆಗೆ ಕೊಟ್ಟೆ. ನಡೆಯಲಿಲ್ಲ. ಯಾರೋ ಉಟ್ಟಿದ್ದನ್ನು ದೇವಸ್ಥಾನಕ್ಕೆ ಹೇಗೆ ಉಡುವುದು ಅಂತ ಹಿರಿಯರು ಕೇಳಿದರು, ಆ ಮಾತಿನಲ್ಲಿ ನ್ಯಾಯವಿದೆ. ಒಗೆಸಿ ಇಸ್ತ್ರಿ ಮಾಡಿಸೋ ಖರ್ಚೇ ಬಾಡಿಗೆಗಿಂತ ಜಾಸ್ತಿ ಆಯಿತು. ಕೆಲವು ವಾಪಸ್ ಬರಲೇ ಇಲ್ಲ. ಒಟ್ಟು ಏಳೆಂಟು ಸಾವಿರ ಹೋಗಿರಬಹುದು.

ವೆಲ್ಕ್ರೋ ಪಂಚೆ ತಂದು ನೋಡಿದೆ. ಹೊಸದರಲ್ಲಿ ಚೆನ್ನಾಗಿತ್ತು. ಹತ್ತು ಸಲ ಒಗೆದ ಮೇಲೆ ವೆಲ್ಕ್ರೋ ತುಂಬ ನೂಲು, ಧೂಳು ಸಿಕ್ಕಿಕೊಂಡು ಹಿಡಿತ ಹೋಯಿತು. ಅದಕ್ಕಿಂತ ಹೆಚ್ಚಾಗಿ, ನೂಕುನುಗ್ಗಲಲ್ಲಿ ಪಕ್ಕದವರ ರೇಷ್ಮೆ ಸೀರೆಗೆ ಅಂಟಿ ಎಳೆ ಕಿತ್ತುಬಿಡುತ್ತಿತ್ತು. ಕಡಿಮೆ ಬೆಲೆಯ ಕಾವಿ ಶಲ್ಯವೂ ಕೈಕೊಟ್ಟಿತು. ಕರಾವಳಿಯ ಬೆವರಿಗೆ ಬಣ್ಣ ಬಿಟ್ಟು ಎಲ್ಲರ ಬೆನ್ನೂ ಕೆಂಪು.

ಕೊನೆಗೆ ಪಂಚೆಗೆ ಲಾಡಿ ಹೊಲಿಸೋಣ ಅಂದೆ. ಚಿಕ್ಕಪ್ಪ ಸುತರಾಂ ಒಪ್ಪಲಿಲ್ಲ. "ಪಂಚೆಗೆ ಲಾಡಿ ಹಾಕಿದ್ರೆ ಅದು ಲಂಗ ಆಗುತ್ತೆ ಕಣೋ" ಅಂದರು. ಟೇಲರ್ ಕೂಡ ಬೇಡ ಅಂತ ತಲೆ ಆಡಿಸಿದ. ಆದರೂ ಮಾಡಿಸಿದೆ. ಒಳಮೂಲೆಗೆ ಒಂದು ಹತ್ತಿ ಲಾಡಿ, ಅದಕ್ಕೆ ಜೊತೆಯಾಗಿ ಮೇಲಂಚಿನಲ್ಲಿ ಇನ್ನೊಂದು. ಒಳಗೆ ಗಂಟು ಬಿಗಿದು ಮೇಲೆ ಮಾಮೂಲಿನಂತೆ ಸುತ್ತಿ ಸಿಕ್ಕಿಸಿದರೆ ಹೊರಗೆ ಏನೂ ಕಾಣಲ್ಲ. 30ರಿಂದ 42 ಇಂಚಿನ ಸೊಂಟದವರೆಗೆ ಒಂದೇ ಪಂಚೆ ಸರಿಹೋಗಬೇಕಾದರೆ ಎರಡನೇ ಲಾಡಿ ಎಲ್ಲಿ ಬರಬೇಕು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ, ಅದಕ್ಕೆ ಬಹಳ ಬಟ್ಟೆ ಹಾಳು ಮಾಡಿದ್ದೇನೆ.

ಬಟ್ಟೆ ಪೂರ್ತಿ ಹತ್ತಿಯೇ ಆಗಬೇಕು. ನಾಲ್ಕು ಮೊಳದ್ದು ತೆಳ್ಳಗಿನವರಿಗೆ ಸಾಕು. ಹೊಟ್ಟೆ ಇರುವವರಿಗೆ ಅದು ನಡೆಯುವಾಗ ಬಿಚ್ಚಿಕೊಳ್ಳುತ್ತೆ, ಬಿಸಿಲಿಗೆ ನಿಂತರೆ ಕಾಲೂ ಕಾಣುತ್ತೆ. ಅವರಿಗೆ ಎಂಟು ಮೊಳವನ್ನು ಮಡಿಸಿ ಕೊಡಿ. ಹೊಸದನ್ನು ಹಾಗೇ ಉಡಿಸಬೇಡಿ, ಜಾರುತ್ತೆ. ಎರಡು ಮೂರು ನೀರು ಕಾಣಿಸಿ, ತೆಳು ಗಂಜಿ ಹಾಕಿ. ನಮ್ಮನೆಯವರು ಗಂಜಿಗೆ ಇನ್ನೊಂದು ಸೇರಿಸುತ್ತಾರೆ, ಅದನ್ನು ಅವರೇ ಹೇಳಬೇಕು.

ಈಗ ಬಾಡಿಗೆ ಇಲ್ಲ. ಪಂಚೆ ನೂರೈವತ್ತರ ಆಸುಪಾಸು, ಬಿಳಿ ಶಲ್ಯ ಐವತ್ತು, ಲಾಡಿ-ಹೊಲಿಗೆ ನಲವತ್ತು. ಇದಕ್ಕೆಲ್ಲ ಸುಮಾರು 250 ರೂಪಾಯಿಯನ್ನು ಗಾಡಿಯ ಟಿಕೆಟ್‌ಗೇ ಸೇರಿಸಿ, ಒಗೆದು ಮಡಿಸಿದ್ದನ್ನು ಅವರ ಕೈಗೇ ಕೊಡುತ್ತೇನೆ. ಅದು ಅವರದ್ದೇ, ಮಡಿಯ ಪ್ರಶ್ನೆಯೂ ಇಲ್ಲ. ಮುಂದಿನ ಯಾತ್ರೆಗೆ ಅದನ್ನೇ ಉಟ್ಟು ಬರುತ್ತಾರೆ. ಪೂಜೆಗೆ ಕೂರುವವರಲ್ಲಿ ಕೆಲವರು ಹೊಲಿಗೆ ಇಲ್ಲದ್ದೇ ಬೇಕು ಅಂತಾರೆ, ಅದಕ್ಕೆ ಲಾಡಿ ಇಲ್ಲದ ನಾಲ್ಕು ಪಂಚೆ ಬೇರೆ ಇಟ್ಟಿರುತ್ತೇನೆ.

ಶರ್ಟಿನ ವಿಷಯ ಯಾರೂ ಯೋಚಿಸಲ್ಲ. ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಕೊಂಡು ನಿಂತಿರುವಾಗ ಟೀ ಶರ್ಟನ್ನು ತಲೆ ಮೇಲಿಂದ ಎಳೆದರೆ ಹಿಂದಿನವರ ಮುಖಕ್ಕೆ ಮೊಣಕೈ. ಮುಂದೆ ಗುಂಡಿ ಇರುವ ಅರ್ಧ ತೋಳಿನ ಹತ್ತಿ ಶರ್ಟೇ ಸರಿ. ತೆಗೆದು ಮಡಿಸಿ ತೋಳಿನ ಮೇಲೆ ಹಾಕಿಕೊಂಡರೆ ಆಯಿತು. ದುಡ್ಡಿಗೆ ಒಳಗೆ ಜೇಬಿರುವ ಚಡ್ಡಿ. ಚರ್ಮದ ಬೆಲ್ಟು ಗಾಡಿಯಲ್ಲೇ ಇರಲಿ.

ಹೆಂಗಸರಿಗೆ ಗುರುವಾಯೂರಿನಲ್ಲಿ 2007ರಿಂದ ಚೂಡಿದಾರ್‌ಗೆ ಅವಕಾಶ ಇದೆ. ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದಲ್ಲಿ ಮಾತ್ರ ಅದರ ಮೇಲೆ ಮುಂಡು, ಅಂದರೆ ಕೇರಳದ ಪಂಚೆ, ಸುತ್ತಬೇಕು. ನನ್ನ ಲಾಡಿ ಪಂಚೆ ಅಲ್ಲೂ ಕೆಲಸಕ್ಕೆ ಬಂತು ನೋಡಿ! ಬಾಡಿಗೆ ಮುಂಡಿಗೆ ಎಲ್ಲರೂ ಕಾಯುತ್ತಿದ್ದಾಗ ನಮ್ಮವರು ನೇರ ಒಳಗೆ ಹೋದರು. ಸೀರೆ ಉಡುವ ಅಜ್ಜಿಯರಿಗೆ ಹತ್ತಿ ಸೀರೆಯೇ ಹೇಳುತ್ತೇನೆ, ನೆರಿಗೆ ನೆಲದಿಂದ ಎರಡು ಬೆರಳು ಮೇಲೆ. ತೊಳೆದ ಕಲ್ಲಿನ ಮೇಲೆ ಅಂಚು ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡರೆ ಮೆಟ್ಟಿಲಲ್ಲಿ ಅಪಾಯ. ಲಂಗಕ್ಕೆ ತೆಳು ಲಾಡಿಯ ಬದಲು ಅಗಲ ಪಟ್ಟಿ ಹಾಕಿಸಿದರೆ ದಿನವಿಡೀ ನಿಂತರೂ ಸೊಂಟ ಕೊರೆಯಲ್ಲ.

ಚಿಕ್ಕಪ್ಪ ಹೋದ ವರ್ಷ ಗುರುವಾಯೂರಿನಲ್ಲಿ ಎರಡೂ ಕೈ ಎತ್ತಿ ಮುಗಿದರು. ಆಮೇಲೆ ಇನ್ನೆರಡು ಹೊಲಿಸಿಕೊಡು ಅಂದರು. ಈಗ ಮಕ್ಕಳ ಅಳತೆಯದ್ದು ನಡೆಯುತ್ತಿದೆ. ದೊಡ್ಡವರ ಪಂಚೆ ಕತ್ತರಿಸಿದರೆ ಒಂದು ಕಡೆ ಅಂಚು ಹೋಗುತ್ತೆ, ಅದನ್ನು ಹೇಗೆ ಉಳಿಸಿಕೊಳ್ಳುವುದು ಅಂತ ಟೇಲರ್ ಜೊತೆ ಕೂತಿದ್ದೇನೆ.